2013ರ ಲ್ಯಾಪ್‌ಟಾಪ್‌ಗೆ ಯಾವ ವಿಂಡೋಸ್ ಹಾಕಿಸಲಿ? 7, 10, 11, ಇಲ್ಲಾ ಲಿನಕ್ಸಾ?

ಪ್ರಶ್ನೆ (ಪ್ರೌಢಶಾಲೆ ಶಿಕ್ಷಕಿ, ಶಿರಸಿ):

ನಮಸ್ಕಾರ ಸರ್. ನನ್ನ ಹತ್ತಿರ 2013ರಲ್ಲಿ ತೊಗೊಂಡ ಲ್ಯಾಪ್‌ಟಾಪ್ ಇದೆ. ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಬರುವಾಗ ವಿಂಡೋಸ್ 8 ಇತ್ತು, ಆಮೇಲೆ ಫ್ರೀ ಅಪ್‌ಗ್ರೇಡ್‌ನಲ್ಲಿ 10 ಆಯಿತು. ಈಗ ಆನ್ ಮಾಡಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುವುದಿಲ್ಲ. ಕ್ರೋಮ್‌ನಲ್ಲಿ ಮೂರು ಟ್ಯಾಬ್ ತೆರೆದರೆ ಮೌಸೇ ನಿಂತುಬಿಡುತ್ತದೆ.

ಒಂದು ಅಂಗಡಿಯವರು ‘ವಿಂಡೋಸ್ 7 ಹಾಕಿಸಿ ಮೇಡಂ, ಲೈಟಾಗಿರುತ್ತೆ’ ಅಂದರು. ಇನ್ನೊಬ್ಬರು ‘11 ಹಾಕಿಕೊಡ್ತೀನಿ, ಚೆಕಿಂಗ್ ಬೈಪಾಸ್ ಮಾಡಬಹುದು’ ಅಂದರು. ನನ್ನ ಕೆಲಸ ಇಷ್ಟು: ನುಡಿ ತಂತ್ರಾಂಶದಲ್ಲಿ ಕನ್ನಡ ಪ್ರಶ್ನೆಪತ್ರಿಕೆ, ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬುವುದು, ಬ್ಯಾಂಕ್, ವಿಡಿಯೊ ಪಾಠ. ಮಗಳ ಪಿಯುಸಿ ಫೀಸು ಇರುವುದರಿಂದ ಈ ವರ್ಷ ಹೊಸದು ಆಗುವುದಿಲ್ಲ. ಯಾರ ಮಾತು ಕೇಳಲಿ?

ಉತ್ತರ (ಲ್ಯಾಪ್‌ಟಾಪ್ ಸರ್ವಿಸ್, ದಾವಣಗೆರೆ):

ಮೇಡಂ, ಯಾವ ವರ್ಷನ್ ಅಂತ ಯೋಚಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಡಿಸ್ಕ್ ಶೇಕಡಾ 100 ತೋರಿಸುತ್ತಾ, ಸಿಪಿಯು ಮಾತ್ರ 15, 20ರಲ್ಲಿ ಆರಾಮಾಗಿ ಕೂತಿದ್ದರೆ ತಪ್ಪು ವಿಂಡೋಸ್‌ನದಲ್ಲ, ಹಾರ್ಡ್‌ಡಿಸ್ಕ್‌ನದು. ನೀವು ಹೇಳಿದ ಲಕ್ಷಣ ನೋಡಿದರೆ ಹಾಗೇ ಇರುತ್ತದೆ ಅನಿಸುತ್ತದೆ.

ಹಾರ್ಡ್‌ಡಿಸ್ಕ್ ಒಳಗೆ ತಿರುಗುವ ತಟ್ಟೆ ಇದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಓದುವ ಕಡ್ಡಿ ಅತ್ತಿಂದಿತ್ತ ಓಡಾಡಬೇಕು. ಸೆಕೆಂಡಿಗೆ ನೂರು ಜಾಗ ಮುಟ್ಟುವಷ್ಟರಲ್ಲಿ ಅದಕ್ಕೆ ಸುಸ್ತು. ವಿಂಡೋಸ್ 10 ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲ್ ಕೇಳುತ್ತದೆ. ಹಾರ್ಡ್‌ಡಿಸ್ಕ್ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಸೆಕೆಂಡಿನಲ್ಲಿ ಹತ್ತಾರು ಸಾವಿರ ಜಾಗದಿಂದ ಓದಿಬಿಡುತ್ತದೆ. ಎಷ್ಟೋ ಜನ ‘ಇದಕ್ಕೆ ಆಯುಷ್ಯ ಮುಗೀತು’ ಅಂತ ತಂದ ಲ್ಯಾಪ್‌ಟಾಪ್‌ಗೆ ನಾನು ಇದೊಂದನ್ನೇ ಬದಲಿಸಿ ಕೊಟ್ಟಿದ್ದೇನೆ. ಅವರ ಮುಖ ನೋಡುವುದೇ ನನಗೆ ಈ ಕೆಲಸದಲ್ಲಿ ದೊಡ್ಡ ಖುಷಿ.

ಅಂಗಡಿಯಲ್ಲಿ ‘2.5 ಇಂಚಿನ ಸಾಟಾ ಎಸ್‌ಎಸ್‌ಡಿ, 256 ಜಿಬಿ’ ಅಂತಲೇ ಕೇಳಿ. ಚ್ಯೂಯಿಂಗ್ ಗಮ್ ಪಟ್ಟಿಯ ಹಾಗೆ ಇರುವ ಎಂ.2 ಕೊಟ್ಟರೆ ತೊಗೋಬೇಡಿ, ನಿಮ್ಮ ಕಾಲದ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ದುಡ್ಡು ಉಳಿದರೆ, ರ‍್ಯಾಮ್‌ಗೆ ಎರಡನೇ ಸ್ಲಾಟ್ ಖಾಲಿ ಇದ್ದರೆ, 4 ಜಿಬಿಯ ಡಿಡಿಆರ್3ಎಲ್ ಹಾಕಿಸಿ. ಎರಡರಲ್ಲಿ ಒಂದೇ ಆಗುತ್ತದೆ ಅಂದರೆ ಎಸ್‌ಎಸ್‌ಡಿಯೇ ಮೊದಲು.

ಈಗ ವರ್ಷನ್ ವಿಷಯ. ಹಳೆ ಲ್ಯಾಪ್‌ಟಾಪ್‌ಗೆ ಯಾವುದು ಲೈಟು ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು, ಸೆಕ್ಯುರಿಟಿ ಅಪ್‌ಡೇಟ್ ಯಾವ ತಾರೀಖಿನವರೆಗೆ ಬರುತ್ತದೆ ಅಂತ.

ವಿಂಡೋಸ್ 7ಕ್ಕೆ ಅದು 2020ರ ಜನವರಿ 14ಕ್ಕೇ ನಿಂತಿತು. ಕ್ರೋಮ್ ಕೂಡ 109ನೇ ವರ್ಷನ್‌ಗೇ ನಿಂತಿದೆ, ಮುಂದಿನದು ಅದರಲ್ಲಿ ಹತ್ತುವುದಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ ಲ್ಯಾಪ್‌ಟಾಪ್‌ಗೆ ಇದು ಬೇಡವೇ ಬೇಡ. ಇನ್ನೊಂದು ಮಾತು: ನಿಮ್ಮದು ವಿಂಡೋಸ್ 8ರ ಲೈಸೆನ್ಸ್ ಜೊತೆ ಬಂದದ್ದು. 7ರ ಕೀ ನಿಮ್ಮ ಹತ್ತಿರ ಇಲ್ಲ. ಹಾಗಾದರೆ ಅವರು ಹಾಕಿಕೊಡುವುದು ಕ್ರ್ಯಾಕ್ ಮಾಡಿದ್ದು ಅಂತಾಯಿತು, ಅಲ್ವಾ? ಆ ಕ್ರ್ಯಾಕ್ ಜೊತೆ ಇನ್ನೇನೇನು ಒಳಗೆ ಬರುತ್ತದೋ ಯಾರಿಗೂ ಗೊತ್ತಾಗುವುದಿಲ್ಲ.

ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಮೇಲಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಸೌಲಭ್ಯ ಬೇಕು. ನಿಮ್ಮದು ಮೂರನೆಯದು. ಬೈಪಾಸ್ ಮಾಡಬಹುದು ಅನ್ನುವುದು ನಿಜ. ಆದರೆ ಅಂಥ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ವರ್ಷನ್ ತಾನಾಗಿ ಹತ್ತುವುದಿಲ್ಲ, ಮತ್ತೆ ಅದೇ ಬೈಪಾಸ್ ಮಾಡಬೇಕು. 4 ಜಿಬಿಯಲ್ಲಿ ಅದು ಏದುಸಿರು ಬಿಡುತ್ತದೆ. ಸ್ವಂತ ಕೈಯಲ್ಲಿ ಮಾಡಿಕೊಳ್ಳುವ ಹುಡುಗರು ಬೇಕಾದರೆ ಮಾಡಲಿ. ಶಾಲೆ ಕೆಲಸ ನಡೆಯಬೇಕಾದ ನಿಮಗೆ ನಾನು ಹೇಳುವುದಿಲ್ಲ.

ಉಳಿದದ್ದು 10. ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿದೆ. ಆದರೆ ಮನೆ ಬಳಕೆದಾರರಿಗೆ ಇಎಸ್‌ಯು ಅಂತ ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟರು, 2026ರ ಅಕ್ಟೋಬರ್ 13ರವರೆಗೆ ಅಂತ ಘೋಷಿಸಿ. ನಿಮ್ಮದು 22ಎಚ್2 ವರ್ಷನ್ ಇರಬೇಕು, ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿರಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್’ ಅಂತ ಕಾಣುತ್ತದೆ. ತುಂಬಾ ಜನ ಅದನ್ನು ಜಾಹೀರಾತು ಅಂದುಕೊಂಡು ಮುಚ್ಚಿಬಿಟ್ಟಿದ್ದಾರೆ.

ಹಾಗಾಗಿ ನನ್ನ ಸಲಹೆ: ಎಸ್‌ಎಸ್‌ಡಿ ಹಾಕಿಸಿ, ಅದಕ್ಕೆ 10 ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ನಿಮ್ಮ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿದೆ. ಅದೇ ಎಡಿಷನ್ ಹಾಕಿದರೆ ನೆಟ್ ಕೊಟ್ಟ ತಕ್ಷಣ ತಾನೇ ಆ್ಯಕ್ಟಿವೇಟ್ ಆಗುತ್ತದೆ, ‘ಕೀಗೆ ಬೇರೆ ದುಡ್ಡು’ ಅಂದರೆ ಕೊಡಬೇಡಿ. ಆಮೇಲೆ ಇಎಸ್‌ಯು. ಆ ಗಡುವಿನೊಳಗೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಕಲಿತುಕೊಳ್ಳಿ. ಮಿಂಟ್ 22ರ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ 4 ಜಿಬಿಯಲ್ಲಿ ಚೆನ್ನಾಗಿ ಓಡುತ್ತದೆ, ಅಪ್‌ಡೇಟ್ 2029ರವರೆಗೆ ಇದೆ, ಪೂರ್ತಿ ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟುವುದಿಲ್ಲ.

ಪ್ರಶ್ನೆ (ಅದೇ ಶಿಕ್ಷಕಿ):

ತುಂಬಾ ಥ್ಯಾಂಕ್ಸ್ ಸರ್. ಲಿನಕ್ಸ್‌ನಲ್ಲಿ ನುಡಿ ನಡೆಯುತ್ತಾ? ಹತ್ತು ವರ್ಷದ ಪ್ರಶ್ನೆಪತ್ರಿಕೆ ಎಲ್ಲಾ ‘ನುಡಿ 01 ಇ’ ಫಾಂಟಿನಲ್ಲೇ ಇದೆ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900.

ಉತ್ತರ:

ಒಳ್ಳೆ ಪ್ರಶ್ನೆ ಮೇಡಂ, ಇದನ್ನು ಕೇಳದೆ ಬದಲಾಯಿಸಿ ಒದ್ದಾಡಿದವರು ಇದ್ದಾರೆ. ಟೈಪಿಂಗ್ ವಿಷಯದಲ್ಲಿ ಹೆದರಬೇಡಿ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಅನ್ನುವುದರಲ್ಲಿ ಎಂ17ಎನ್ ಅನ್ನುವ ಕೀಲಿಮಣೆಗಳ ಸಂಗ್ರಹ ಹಾಕಿದರೆ ‘ಕೆಜಿಪಿ’ ಅಂತ ಕೀಲಿಮಣೆ ಬರುತ್ತದೆ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರು. ನಿಮ್ಮ ಬೆರಳಿಗೆ ರೂಢಿಯಾದ ವಿನ್ಯಾಸವೇ, ಆದರೆ ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯುನಿಕೋಡ್‌ನಲ್ಲಿ ಮೂಡುತ್ತದೆ.

ಹಳೆ ಫೈಲ್‌ಗಳ ಕಥೆ ಬೇರೆ. ‘ನುಡಿ 01 ಇ’ ಯುನಿಕೋಡ್ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ ಇದ್ದು, ಮೇಲೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುವುದು ಅದಕ್ಕೇ. ಆ ಫಾಂಟ್ ಫೈಲನ್ನು ಲಿನಕ್ಸ್‌ಗೆ ಕಾಪಿ ಮಾಡಿದರೆ ಎಂಎಸ್ ಆಫೀಸ್ ಥರದ್ದೇ ಆದ ಲಿಬ್ರೆ ಆಫೀಸ್‌ನಲ್ಲಿ ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಬೇಕು ಅಂದರೆ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿಕೊಳ್ಳಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಲ್ಲೇ ನೋಡಿ. ಈ ಕೆಲಸವನ್ನು ನೀವು ವಿಂಡೋಸ್‌ನಲ್ಲೇ ಉಳಿದರೂ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಹತ್ತು ವರ್ಷದ ಶ್ರಮ ಒಂದು ಫಾಂಟಿಗೆ ಕಟ್ಟುಬೀಳಬಾರದು.

ಪ್ರಿಂಟರ್ ನಿಜವಾದ ತೊಡಕು. 2900ಕ್ಕೆ ಬೇಕಾದ ಕ್ಯಾನನ್‌ನ ಕ್ಯಾಪ್ಟ್ ಡ್ರೈವರ್ ಲಿನಕ್ಸ್‌ಗೆ ಹಳೆಯದು, ಕೂರಿಸುವುದು ತಲೆನೋವು. ಮಿಂಟ್‌ನಲ್ಲಿ ಪಿಡಿಎಫ್ ಮಾಡಿ ಶಾಲೆಯ ಕಂಪ್ಯೂಟರಿನಿಂದ ಪ್ರಿಂಟ್ ತೆಗೆಯಲು ಆಗುತ್ತದಾ ನೋಡಿ. ಆಗುವುದಿಲ್ಲ ಅಂದರೆ ಎಸ್‌ಎಸ್‌ಡಿಯಲ್ಲಿ ಎರಡನ್ನೂ ಹಾಕಿಸಿ: ನೆಟ್, ಬ್ಯಾಂಕ್ ಎಲ್ಲಾ ಮಿಂಟ್‌ನಲ್ಲಿ, ಪ್ರಿಂಟಿಗೆ ಮಾತ್ರ ವಿಂಡೋಸ್.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಗದಗ):

ಅಣ್ಣ, ನನ್ನದು ಆಟಮ್ ಪ್ರೊಸೆಸರಿನ ಪುಟ್ಟ ನೆಟ್‌ಬುಕ್, 2 ಜಿಬಿ. ವಿಂಡೋಸ್ 7, 32 ಬಿಟ್. ಇದಕ್ಕೂ ಮಿಂಟ್ ಹಾಕಲಾ?

ಉತ್ತರ:

ಮಿಂಟ್ 22, 64 ಬಿಟ್ ಮಾತ್ರ. ಮೊದಲು ಪ್ರೊಸೆಸರ್ ನಂಬರ್ ನೋಡು. ಎಷ್ಟೋ ಆಟಮ್‌ಗಳು 64 ಬಿಟ್ ಇದ್ದೂ 32 ಬಿಟ್ ವಿಂಡೋಸ್ ಜೊತೆ ಬಂದಿದ್ದವು. 32 ಮಾತ್ರ ಅಂತಾದರೆ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನ 12ನೇ ವರ್ಷನ್ ಹಾಕು, ಎಲ್‌ಎಕ್ಸ್‌ಡಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಜೊತೆ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರೇ ಇಲ್ಲ. ಟೈಪಿಂಗ್ ಕಲಿಯಲು, ಹಾಡು ಕೇಳಲು ಸಾಕು. ಯೂಟ್ಯೂಬ್ ಆಸೆ ಬಿಡು, ಅದಕ್ಕೆ ಖರ್ಚೂ ಮಾಡಬೇಡ.

ಪ್ರಶ್ನೆ (ಅದೇ ಶಿಕ್ಷಕಿ, ಹನ್ನೆರಡು ದಿನದ ನಂತರ):

ಸರ್, ಎಸ್‌ಎಸ್‌ಡಿ ಹಾಕಿಸಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೀವು ಹೇಳಿದ ಹಾಗೇ ಡಿಸ್ಕ್ 100 ಇತ್ತು. ಈಗ ಆನ್ ಮಾಡಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತದೆ! ಇಎಸ್‌ಯು ಕೂಡ ಆಯಿತು. ತೆಗೆದ ಹಾರ್ಡ್‌ಡಿಸ್ಕ್ ಅಂಗಡಿಯವರು ವಾಪಸ್ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ:

ಓದಿ ತುಂಬಾ ಸಂತೋಷ ಆಯಿತು ಮೇಡಂ. ಯುಎಸ್‌ಬಿ ಕೇಸಿಂಗ್ ಸಿಗುತ್ತದೆ, ಅದಕ್ಕೆ ಹಾಕಿ ಹಳೆ ಪ್ರಶ್ನೆಪತ್ರಿಕೆಗಳನ್ನೆಲ್ಲಾ ಈ ವಾರವೇ ಎಸ್‌ಎಸ್‌ಡಿಗೆ ಕಾಪಿ ಮಾಡಿಕೊಳ್ಳಿ. ಆ ಡಿಸ್ಕ್ 2013ರದು, ಅದರಲ್ಲೊಂದೇ ಪ್ರತಿ ಇಡಬೇಡಿ. ಅಳಿಸುವುದೂ ಬೇಡ, ಎರಡನೇ ಪ್ರತಿಯಾಗಿ ಬೀರುವಿನಲ್ಲಿ ಇರಲಿ. ಅದರಲ್ಲಿ ಬ್ಯಾಂಕಿನ ಕಾಗದಪತ್ರ ಇದ್ದರೆ ಗುಜರಿಗೆ ಮಾತ್ರ ಕೊಡಬೇಡಿ.