ತಂದೆಯ ಖಾನಾವಳಿಯನ್ನು ಇದ್ದ ಹಾಗೆಯೇ ನಡೆಸಬೇಕೇ? ಮೂವರ ಅನುಭವ

ಪ್ರಶ್ನೆ, ಜಮಖಂಡಿಯಿಂದ: ತಂದೆಯವರು 30 ವರ್ಷ ನಡೆಸಿದ ರೊಟ್ಟಿ ಖಾನಾವಳಿಯ ಹೊಣೆ ನಾಲ್ಕು ತಿಂಗಳಿಂದ ನನ್ನ ಮೇಲೆ ಬಿದ್ದಿದೆ. ಯಾವುದನ್ನೂ ಬದಲಿಸಬೇಡ ಎಂದು ಕಾಕಾ ಹೇಳುತ್ತಾರೆ. ಫ್ರೈಡ್ ರೈಸ್, ನೂಡಲ್ಸ್ ಇಡದಿದ್ದರೆ ಕಾಲೇಜಿನ ಹುಡುಗರು ಬರುವುದಿಲ್ಲ ಎಂದು ತಮ್ಮ ಹೇಳುತ್ತಾನೆ. ಮನೆಯವರೇ ಸೇರಿ ಹೋಟೆಲ್ ನಡೆಸಿದವರು ಏನನ್ನು ಬದಲಿಸಿದಿರಿ, ಏನನ್ನು ಉಳಿಸಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ವಿಜಯಪುರದಿಂದ:

ನಾನು ಮತ್ತು ನನ್ನ ಅಣ್ಣ 22 ವರ್ಷಗಳಿಂದ ಖಾನಾವಳಿ ನಡೆಸುತ್ತಿದ್ದೇವೆ. ನಿಮ್ಮ ಕಾಕಾ ಹೇಳುವುದು ಸರಿಯಾಗಿದೆ, ಆದರೆ ಅದು ಕೇಳಿದಷ್ಟು ಸುಲಭವಲ್ಲ. ಗಿರಾಕಿಯ ತಾಟಿನಲ್ಲಿ ರೊಟ್ಟಿ ದಿನವೂ ಒಂದೇ ತೆರನಾಗಿ ಇರಬೇಕಾದರೆ ಅಡುಗೆಮನೆಯಲ್ಲಿ ದಿನವೂ ಏನನ್ನಾದರೂ ಹೊಂದಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ. ನಮ್ಮ ಭಾಗದ ಬಿಳಿಜೋಳ ಹಿಂಗಾರಿ ಬೆಳೆ. ರಾಶಿಯಾಗಿ ಬಂದ ಹೊಸ ಜೋಳದ ಹಿಟ್ಟು ಹಿಡಿಯುವ ನೀರೇ ಬೇರೆ, ಅದೇ ಚೀಲದ ಜೋಳ ಮಳೆಗಾಲ ಕಳೆದ ಮೇಲೆ ಹಿಡಿಯುವ ನೀರೇ ಬೇರೆ. ಗೋದಿಯಲ್ಲಿರುವಂಥ ಅಂಟು ಜೋಳದಲ್ಲಿ ಇಲ್ಲದಿರುವುದರಿಂದ ಕುದಿಯುವ ಎಸರಿನಿಂದಲೇ ಹಿಟ್ಟಿಗೆ ಜಿಗುಟು ಬರಿಸಬೇಕು, ಮತ್ತು ಬೀಸಿ ಬಹಳ ದಿನವಾದ ಹಿಟ್ಟನ್ನು ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ.

ಇದನ್ನು ನಾವು ಕಲಿತದ್ದು ತಪ್ಪು ಮಾಡಿ. ಎರಡು ದಿನಕ್ಕೊಮ್ಮೆ ಗಿರಣಿಗೆ ಹೋಗುವ ತ್ರಾಸು ತಪ್ಪಲಿ ಎಂದು ಒಂದು ವರ್ಷ 15 ದಿನಕ್ಕಾಗುವಷ್ಟು ಹಿಟ್ಟನ್ನು ಒಮ್ಮೆಗೇ ಬೀಸಿಸಿ ಇಟ್ಟೆವು. ಯಾರೂ ದೂರಲಿಲ್ಲ. ಆದರೆ ತಾಟು ಎತ್ತಿಸುವ ಕಡೆ ನಿಲ್ಲುತ್ತಿದ್ದ ಅಣ್ಣನಿಗೆ, ರೊಟ್ಟಿಯ ಒಣಗಿದ ಅಂಚುಗಳು ತಾಟುಗಳಲ್ಲಿ ಉಳಿಯುತ್ತಿರುವುದು ಕಂಡಿತು. ಮೂರು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೇ ಸಾಕೆಂದು ಅನ್ನ ಕೇಳತೊಡಗಿದ್ದರು. ನಾವು ಗಿರಣಿಗೆ ಮರಳಿದೆವು, ಆದರೆ ದಿನವೂ ಬರುತ್ತಿದ್ದ ಕೆಲವರು ಮರಳಲಿಲ್ಲ; ಅವರ ಮುಖಗಳು ನನಗೆ ಇನ್ನೂ ನೆನಪಿವೆ. ಇಂದಿಗೂ ರಾತ್ರಿ ಗಲ್ಲಾ ಎಣಿಸುವುದಕ್ಕಿಂತ, ಮಧ್ಯಾಹ್ನ ಎತ್ತಿದ ತಾಟುಗಳನ್ನು ನೋಡುವುದೇ ನನಗೆ ಮುಖ್ಯ. ನೀವೂ ಒಂದು ತಿಂಗಳು ಅಲ್ಲಿ ನಿಂತು ನೋಡಿರಿ.

ಇದಕ್ಕಿಂತ ದೊಡ್ಡ ಮಾತು ರೊಟ್ಟಿ ಬಡಿಯುವವರದು. ನಮ್ಮಲ್ಲಿ ಮೂವರು ಅಕ್ಕಂದಿರಿದ್ದಾರೆ, ಅವರಲ್ಲಿ ಹಿರಿಯರು ನಮ್ಮ ತಂದೆಯವರ ಕಾಲದವರು. ಕೈ ಬದಲಾದರೆ ರೊಟ್ಟಿಯ ದಪ್ಪ, ಅಗಲ, ಬೇಯುವ ಹದ ಎಲ್ಲವೂ ಬದಲಾಗುತ್ತವೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಊರು ತುಂಬಿದಾಗ ಮೊದಲು ನಾವು ಹೊರಗಿನಿಂದ ಕೈಗಳನ್ನು ಕರೆಸುತ್ತಿದ್ದೆವು. ಈಗ ಕರೆಸುವುದಿಲ್ಲ; ಆ ಮೂವರು ಬಡಿಯಬಹುದಾದಷ್ಟು ರೊಟ್ಟಿ ತೀರಿದ ಮೇಲೆ ಊಟ ಮುಗಿಯಿತು ಎಂದು ಕೈಮುಗಿದು ಹೇಳುತ್ತೇವೆ. ಹಾಗೆಯೇ ಮಳೆ ಹಿಡಿದು ಗಿರಾಕಿ ಬಾರದ ದಿನವೂ ಅವರ ಪಗಾರ ಕಡಿಯುವುದಿಲ್ಲ. ರುಚಿ ಸ್ಥಿರವಾಗಿರಲಿ ಎಂದು ಬಯಸಿ, ಅದನ್ನು ಮಾಡುವವರ ಪಗಾರವನ್ನು ಮಾತ್ರ ಗಿರಾಕಿಯ ಲೆಕ್ಕದ ಮೇಲೆ ಏರಿಳಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ.

ನಿಮ್ಮ ತಮ್ಮನ ಮಾತನ್ನು ತಳ್ಳಿಹಾಕಬೇಡಿ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಒಲೆ ರೊಟ್ಟಿಗೆ ಸಿಗಬೇಕು ಇಲ್ಲವೇ ಫ್ರೈಡ್ ರೈಸಿಗೆ ಸಿಗಬೇಕು ಎಂಬುದನ್ನು ಅವನಿಗೆ ತೋರಿಸಿ ಹೇಳಿ. ನಾವು ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತೇವೆ. ಅದೇ ಕೈ, ಅದೇ ಹಂಚು, ಹುಡುಗರಿಗೂ ಹೊಸದು.

ಬೆಳಗಾವಿಯಿಂದ:

ನಾನು ಅತ್ತೆಯವರ ಜೊತೆ ತಿಂಗಳ ಲೆಕ್ಕದ ಊಟದ ಖಾನಾವಳಿ ನಡೆಸುತ್ತೇನೆ. ಮೇಲಿನವರು ದರದ ಬಗ್ಗೆ ಹೇಳಲಿಲ್ಲ. ಹೋಟೆಲಿಗೆ ಬಳಸುವ 19 ಕಿಲೋ ಸಿಲಿಂಡರಿನ ದರ ಸಾಮಾನ್ಯವಾಗಿ ಪ್ರತಿ ತಿಂಗಳ 1ನೇ ತಾರೀಖಿಗೆ ಬದಲಾಗುತ್ತದೆ, ಉಳ್ಳಾಗಡ್ಡಿಯ ದರ ಅದಕ್ಕೂ ಬೇಗ. ಅದರ ಹಿಂದೆ ಓಡಿ ಬೋರ್ಡು ತಿದ್ದುತ್ತ ಹೋದರೆ ಊಟಕ್ಕೆ ಬರುವವರಿಗೆ ನಮ್ಮ ಮೇಲೆ ಭರವಸೆ ಇರುವುದಿಲ್ಲ. ನಾವು ವರ್ಷಕ್ಕೊಮ್ಮೆ, ಯುಗಾದಿಗೆ ಮಾತ್ರ ದರ ಬದಲಿಸುತ್ತೇವೆ, ಒಂದು ತಿಂಗಳು ಮೊದಲೇ ಹೇಳುತ್ತೇವೆ. ಉಳ್ಳಾಗಡ್ಡಿ ತುಟ್ಟಿಯಾದಾಗ ಎಣ್ಣೆಗಾಯಿಯ ಮಸಾಲೆಯಲ್ಲಿ ಅದನ್ನು ಕಡಿಮೆ ಮಾಡದೆ, ತಾಟಿನ ಬದಿಗೆ ಇಡುವ ಹಸಿ ಉಳ್ಳಾಗಡ್ಡಿಯ ಬದಲು ಮೂಲಂಗಿಯನ್ನೋ ಮೆಂತ್ಯೆ ಸೊಪ್ಪನ್ನೋ ಇಟ್ಟು, ಕಾರಣವನ್ನೂ ತಿಳಿಸುತ್ತೇವೆ.

ಇನ್ನೊಂದು ಮಾತು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಊರು ತುಂಬಿ, ಯಾವ ದರಕ್ಕೆ ಇಟ್ಟರೂ ತಾಟು ಹೋಗುತ್ತದೆ. ಆ ದಿನಗಳಲ್ಲಿಯೂ ಹನ್ನೆರಡೂವರೆಯಿಂದ ಎರಡರವರೆಗಿನ ಜಾಗ ತಿಂಗಳ ಊಟದವರಿಗೇ ಎಂದು ಅತ್ತೆಯವರು ಹಟ ಹಿಡಿದಾಗ, ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಸಿಟ್ಟು ಬಂದಿತ್ತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಊರಲ್ಲೇ ಉಳಿದಿದ್ದ ಏಳು ಜನ ತಿಂಗಳ ಊಟದವರು ಡಬ್ಬಿ ಒಯ್ಯುವುದಾಗಿ ತಾವಾಗಿಯೇ ಫೋನ್ ಮಾಡಿದರು. ಅವರಿಂದಲೇ ನಮ್ಮ ಒಲೆ ಆರಲಿಲ್ಲ.

ಬಾಗಲಕೋಟೆಯಿಂದ:

ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ನಮ್ಮ ಓಣಿ ಹೋದಾಗ ತಂದೆಯವರು ನವನಗರಕ್ಕೆ ಬಂದು ಹೋಟೆಲ್ ಇಟ್ಟರು. ಕಟ್ಟಡ, ಕೂಡುವ ಬೆಂಚು, ನೆರೆಹೊರೆ ಎಲ್ಲವೂ ಹೊಸದು. ಬೆಳಿಗ್ಗೆ ಆರಕ್ಕೆ ಶಟರ್ ಏರುವುದು, ಏಳಕ್ಕೆ ಸೂಸಲ ಮತ್ತು ಮಿರ್ಚಿ ಭಜಿ ಸಿದ್ಧವಾಗುವುದು ಮಾತ್ರ ಹಳೆಯದು. ಬೇರೆ ಬೇರೆ ಸೆಕ್ಟರುಗಳಿಗೆ ಚದುರಿಹೋಗಿದ್ದ ಹಳೆಯ ಗಿರಾಕಿಗಳು ಆ ಹೊತ್ತನ್ನು ನಂಬಿಯೇ ಹುಡುಕಿಕೊಂಡು ಬಂದರು.

ಆದರೆ ತಂದೆಯವರದು ಒಂದು ವಿಷಯದಲ್ಲಿ ತಪ್ಪಾಯಿತೆಂದು ನಾನು ಗೌರವದಿಂದಲೇ ಹೇಳುತ್ತೇನೆ. ಅವರು ಒಂದು ದಿನವೂ ರಜೆ ಮಾಡಲಿಲ್ಲ, ಮಸಾಲೆ ಖಾರದ ಅಳತೆಯನ್ನು ಯಾರಿಗೂ ಹೇಳಲಿಲ್ಲ. ಅವರು ಹಾಸಿಗೆ ಹಿಡಿದಾಗ ಅದೇ ಖಾರವನ್ನು ಮತ್ತೆ ಹೊಂದಿಸಲು ನನಗೂ ನನ್ನ ಅವ್ವನಿಗೂ ಎರಡು ಬೇಸಿಗೆ ಹಿಡಿಯಿತು. ನಾವು ಈಗ ಅಮಾವಾಸ್ಯೆಗೆ ಹೋಟೆಲ್ ಮುಚ್ಚುತ್ತೇವೆ, ಎಲ್ಲರಿಗೂ ಅದು ಗೊತ್ತಿದೆ. ನಿಮ್ಮಲ್ಲಿ ಆ ಅಳತೆ ಕಾಕಾ ಅವರ ಕೈಯಲ್ಲಿದ್ದರೆ, ಮುಂದಿನ ಬೇಸಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ತಂದು ವರ್ಷದ ಖಾರ ಕುಟ್ಟಿಸುವ ದಿನ ನೀವೂ ನಿಮ್ಮ ತಮ್ಮನೂ ತಕ್ಕಡಿ ಹಿಡಿದು ಅವರ ಪಕ್ಕದಲ್ಲಿ ಕೂತು, ಅವರು ಮುಷ್ಟಿಯಲ್ಲಿ ಹಾಕುವ ಒಂದೊಂದನ್ನೂ ತೂಗಿ ಬರೆದುಕೊಳ್ಳಿ.