ಹಿನ್ನೀರಿನ ಪ್ರವಾಸಿ ದೋಣಿ: ಯಾವ ಪತ್ರ ಕೇಳಬೇಕು?

ಸಾಗರದ ಮೇಷ್ಟ್ರು:
ನಮ್ಮ ಶಾಲೆಯ ಮಕ್ಕಳನ್ನು ಲಿಂಗನಮಕ್ಕಿ ಹಿನ್ನೀರಿನಲ್ಲಿ ಖಾಸಗಿಯವರ ಯಂತ್ರಚಾಲಿತ ದೋಣಿಯಲ್ಲಿ ಸುತ್ತಾಡಿಸುವ ಆಲೋಚನೆಯಿದೆ. ದೋಣಿಯ ದಾಖಲೆ ಕೇಳಿದಾಗ ಮಾಲೀಕರು ಲ್ಯಾಮಿನೇಟ್ ಮಾಡಿಸಿದ ನೋಂದಣಿ ಪತ್ರವನ್ನು ತೋರಿಸಿ, ‘ಎಲ್ಲ ಸರಿಯಿದೆ, ಚಿಂತೆ ಬೇಡ’ ಎಂದರು. ಅಷ್ಟು ಸಾಕೇ? ತಿಳಿದವರು ದಯವಿಟ್ಟು ಹೇಳಿ.

ಕರಾವಳಿಗ:
ಸಾಲದು, ಮೇಷ್ಟ್ರೇ. ನೋಂದಣಿ ಪತ್ರದಿಂದ ದೋಣಿ ಯಾರದೆಂದು ತಿಳಿಯುತ್ತದೆಯೇ ಹೊರತು ಅದು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ತಿಳಿಯುವುದಿಲ್ಲ. 1917ರ ಹಳೆಯ ಕಾನೂನಿನ ಜಾಗದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ, ಯಂತ್ರಚಾಲಿತ ದೋಣಿಗೆ ನೋಂದಣಿಯಲ್ಲದೆ ಸರ್ವೆ ಪ್ರಮಾಣಪತ್ರವೂ (ದೋಣಿಯ ಸ್ಥಿತಿಯನ್ನು ಪರೀಕ್ಷಿಸಿ ಕೊಡುವ ಪತ್ರ) ವಿಮೆಯೂ ಇರಬೇಕು. ನಡೆಸುವವರಿಗೆ ಅರ್ಹತಾ ಪತ್ರವಿರಬೇಕು. ಅಲೆಯ ಎತ್ತರಕ್ಕೆ ಅನುಗುಣವಾಗಿ ಜಲಪ್ರದೇಶಗಳನ್ನು ವಲಯಗಳಾಗಿ ವಿಂಗಡಿಸಿರುವುದರಿಂದ, ಶಾಂತವಾದ ನೀರಿಗೆಂದು ಒಪ್ಪಿಗೆ ಪಡೆದ ದೋಣಿಯನ್ನು ಅಳಿವೆಯಲ್ಲಿ ಓಡಿಸುವಂತಿಲ್ಲ. ಸರ್ವೆ ಪತ್ರ ಕೇಳಿ, ಅದರ ಅವಧಿ ಮುಗಿಯುವ ದಿನಾಂಕವನ್ನೂ ಪ್ರಯಾಣಿಕರ ಗರಿಷ್ಠ ಸಂಖ್ಯೆಯನ್ನೂ ಬರೆದುಕೊಳ್ಳಿ.

ಹಡಗುಕಟ್ಟೆ:
ಆ ಸಂಖ್ಯೆಯನ್ನು ಹಗುರವಾಗಿ ನೋಡಬೇಡಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿ 22 ಜನರನ್ನು ಬಲಿ ತೆಗೆದುಕೊಂಡ ದೋಣಿಯು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದಾಗಿತ್ತು. ಮಿತಿ ಮೀರಿ ಜನರನ್ನೂ ಹತ್ತಿಸಲಾಗಿತ್ತು. ಹೀಗೆ ಮೇಲಂತಸ್ತು ಸೇರಿಸಿ ಅಲ್ಲಿ ಜನರನ್ನು ನಿಲ್ಲಿಸಿದರೆ ಗುರುತ್ವಕೇಂದ್ರ ಮೇಲೇರುತ್ತದೆ, ಒಂದು ಕಡೆಗೆ ವಾಲಿದ ದೋಣಿ ತಾನಾಗಿ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ, ದಡದ ಕಾಡುಪ್ರಾಣಿಗಳನ್ನು ನೋಡಲೆಂದು ಜನರು ಒಂದೇ ಪಕ್ಕಕ್ಕೆ ಸರಿದಾಗ ಎರಡಂತಸ್ತಿನ ದೋಣಿ ಮಗುಚಿ 45 ಮಂದಿ ಸತ್ತರು. ಅದು ಹೊಚ್ಚಹೊಸ ದೋಣಿ. ಆದ್ದರಿಂದ ಸರ್ವೆಯ ನಂತರ ಚಾವಣಿಯನ್ನೋ ಮೇಲಿನ ಆಸನಗಳನ್ನೋ ಸೇರಿಸಿದ್ದಾರೆಯೇ ಎಂದು ನೇರವಾಗಿ ಕೇಳಿ. ಹಾಗೆ ಬದಲಾಯಿಸಿದ್ದರೆ ಹಳೆಯ ಪತ್ರವನ್ನು ನಂಬಿ ಮಕ್ಕಳನ್ನು ಹತ್ತಿಸಲು ನಾನಂತೂ ಒಪ್ಪುವುದಿಲ್ಲ.

ಸಾಗರದ ಮೇಷ್ಟ್ರು:
ಇಬ್ಬರಿಗೂ ವಂದನೆಗಳು. ಲೈಫ್ ಜಾಕೆಟ್‌ಗಳೇನೋ ಇವೆ, ಆದರೆ ಎಲ್ಲವನ್ನೂ ಬೆಂಚಿನ ಕೆಳಗೆ ಹಗ್ಗದಿಂದ ಬಿಗಿದು ಕಟ್ಟಿದ್ದಾರೆ.

ಕರಾವಳಿಗ:
ಹಾಗಾದರೆ ಅವು ಇದ್ದೂ ಇಲ್ಲದಂತೆಯೇ. ದೋಣಿ ಹತ್ತುವ ಮೊದಲೇ ತೊಡಿಸಬೇಕು. ದೊಡ್ಡವರ ಜಾಕೆಟ್ ನೀರಿನಲ್ಲಿ ಮಕ್ಕಳ ತಲೆಯ ಮೇಲಿಂದ ಕಳಚಿಕೊಂಡು ಹೋಗಬಹುದಾದ್ದರಿಂದ ಅವರ ತೂಕಕ್ಕೆ ಹೊಂದುವಂಥದ್ದನ್ನೇ ಕೇಳಿ. ತೊಡಿಸಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದಾಗ ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದೇ ಅರ್ಥ.

ಹಡಗುಕಟ್ಟೆ:
ಇನ್ನೊಂದು ಮಾತು. ಬೇಸಿಗೆಯಲ್ಲಿ ನೀರಿಳಿದಾಗ, ಇದೇ ಹಿನ್ನೀರಿನಲ್ಲಿ ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚಿಗೇ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳು ಆ ಕಾಲದಲ್ಲಿ ದೋಣಿಯ ತಳಕ್ಕೆ ಹತ್ತಿರವಾಗುತ್ತವೆ. ಯಾವ ದಾರಿಯಲ್ಲಿ ಕರೆದೊಯ್ಯುತ್ತಾರೆ ಎಂಬುದನ್ನು ಮಾಲೀಕರಿಂದಲ್ಲ, ದೋಣಿ ನಡೆಸುವವರಿಂದಲೇ ಕೇಳಿ ತಿಳಿದುಕೊಳ್ಳಿ.