ಪದಚರ್ಚೆ: ಸೇನೆಯಲ್ಲಿ ಅಧಿಕಾರಿಯ ಸವಲತ್ತು, ಸಿಪಾಯಿಯ ಪಾಲು – ಕನ್ನಡದಲ್ಲಿ ಯಾವ ಮಾತು ಸರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಭಾರತದ ಭೂಸೇನೆಯಲ್ಲಿ ಅಧಿಕಾರಿಗಳಿಗೆ ಶ್ರೇಣಿಯ ಬಲದಿಂದ ಸಿಗುವ ಸವಲತ್ತುಗಳನ್ನೂ ಅವರ ಕೈಕೆಳಗಿನವರಿಗೆ ಸಿಗುವ ನ್ಯಾಯವನ್ನೂ ಒಟ್ಟಿಗೆ ಇಟ್ಟು ನೋಡುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಓದುಗರಲ್ಲಿ ಬಹಳ ಮಂದಿ ಮಾಜಿ ಸೈನಿಕರು ಮತ್ತು ಅವರ ಮನೆಯವರಾದ್ದರಿಂದ ಪದ ಎಡವಿದರೆ ಅರ್ಥ ಕೆಡುವುದರ ಜೊತೆಗೆ ಮನಸ್ಸೂ ನೋಯುತ್ತದೆ. ಬಳಕೆಯಲ್ಲಿರುವ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಿದ್ದೇನೆ. ಕೆಲವು ಬೇರೊಂದು ಕಚೇರಿಯ ನೆನಪನ್ನು ಹೊತ್ತು ತರುತ್ತವೆ, ಕೆಲವು ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ.

ಮೊದಲ ತೊಡಕು ‘ಜವಾನ’. ಹಿಂದಿಯಲ್ಲಿ ಸೈನಿಕನಿಗೆ ಅಭಿಮಾನದಿಂದ ಸಲ್ಲುವ ಈ ಹೆಸರು ಕನ್ನಡದಲ್ಲಿ ಕಚೇರಿಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು, ಗಂಟೆ ಕೇಳಿದೊಡನೆ ಒಳಗೆ ಹೋಗಿ ಕಡತ ಎತ್ತಿಕೊಂಡು ಬರುವ ನೌಕರನಿಗೆ ಅಂಟಿಕೊಂಡಿದೆ. 1965ರ ‘ಜೈ ಜವಾನ್ ಜೈ ಕಿಸಾನ್’ ಘೋಷಣೆಯನ್ನು ಬರೆಯುವಾಗ ನಾವು ಕೊನೆಯ ಅರ್ಧಾಕ್ಷರವನ್ನು ಹಾಗೆಯೇ ಉಳಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ. ದಫೇದಾರನ ಪಾಡೂ ಇದೇ: ಅಶ್ವದಳದ ಪರಂಪರೆಯ ರೆಜಿಮೆಂಟುಗಳಲ್ಲಿ ಹವಾಲ್ದಾರನಿಗೆ ಸಮನಾದ ಈತ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ರುಮಾಲು ಸುತ್ತಿ ಸಾಹೇಬರ ಕಾರಿನ ಬಾಗಿಲು ತೆರೆಯುವವನು. ಇವೆಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಪದ ‘ಸಹಾಯಕ’. ಅಧಿಕಾರಿಯ ಸಮವಸ್ತ್ರ, ಆಯುಧ, ಓಡಾಟಗಳ ನಿಗಾ ನೋಡಿಕೊಳ್ಳಲು ನೇಮಕವಾಗುವ ಸೈನಿಕನಿಗೆ ಸೇನೆಯಲ್ಲಿ ಈ ಹೆಸರಿದೆ. ಆದರೆ ‘ಪ್ರಥಮ ದರ್ಜೆ ಸಹಾಯಕ’ ಹುದ್ದೆಗಾಗಿ ವರ್ಷಗಟ್ಟಲೆ ಓದುವ ನಾಡಿನಲ್ಲಿ ಸಹಾಯಕನೊಬ್ಬ ಸಾಹೇಬರ ಬೂಟಿಗೆ ಪಾಲಿಶ್ ಹಾಕಿದನೆಂದು ಬರೆದರೆ ಓದುಗನಿಗೆ ಚಿತ್ರವೇ ಮೂಡುವುದಿಲ್ಲ. ‘ಆರ್ಡರ್ಲಿ’ ಎಂದರೆ ಪೊಲೀಸ್ ಇಲಾಖೆಯ ನೆನಪಾದರೂ ಅರ್ಥ ನೇರವಾಗಿ ತಲುಪುತ್ತದೆ ಎಂಬ ಕಾರಣಕ್ಕೆ ನಾನು ಆ ಕಡೆಗೆ ವಾಲಿದ್ದೇನೆ.

ಹಾಗಾದರೆ ಅಧಿಕಾರಿಗಳಲ್ಲದವರನ್ನು ಒಟ್ಟಾಗಿ ಏನೆನ್ನಬೇಕು? ಸರ್ಕಾರಿ ಇಂಗ್ಲಿಷು ಅವರನ್ನು ‘ಇತರ ಶ್ರೇಣಿ’ ಎಂದೋ ‘ಅಧಿಕಾರಿ ಶ್ರೇಣಿಗಿಂತ ಕೆಳಗಿನವರು’ ಎಂದೋ ಕರೆಯುತ್ತದೆ. ಎರಡರಲ್ಲಿಯೂ ಅವರು ಏನಲ್ಲ ಎಂಬುದಷ್ಟೇ ಇದೆ. ಇದನ್ನು ಕನ್ನಡಕ್ಕೆ ತಂದು ‘ಇತರೆ’ ಎಂದು ಬರೆದರೆ ಅರ್ಜಿ ನಮೂನೆಯ ಜಾತಿ ಕಾಲಮ್ಮಿನ ಛಾಯೆ ಬರುತ್ತದೆ, ‘ಕೆಳದರ್ಜೆ’ ಎಂದರೆ ನೇರ ಅವಮಾನವೇ ಆಗುತ್ತದೆ. ‘ಯೋಧ’ ಎಂಬುದನ್ನು ನಮ್ಮ ಪತ್ರಿಕೆಗಳು ಬಹುಮಟ್ಟಿಗೆ ‘ಹುತಾತ್ಮ’ದ ಬೆನ್ನಿಗೇ ಬಳಸುತ್ತವೆ, ರಜೆ ಮಂಜೂರಾಗದೆ ದೂರು ಬರೆಯುತ್ತಿರುವ ಬದುಕಿರುವ ಮನುಷ್ಯನಿಗೆ ಆ ಪದ ದೊಡ್ಡ ಅಂಗಿಯಾಗುತ್ತದೆ. ‘ಪಡೆಯಾಳು’ ಎಂದು ಗೆಳೆಯರೊಬ್ಬರು ಸೂಚಿಸಿದ್ದಾರೆ. ಹಳಗನ್ನಡದಲ್ಲಿ ‘ಆಳ್’ ಎಂದರೆ ಕಾದಾಡುವ ವೀರ, ನಿಜ. ಇಂದಿನ ಕಿವಿಗೆ ಮಾತ್ರ ಅದು ಮನೆಯಾಳು, ಕೂಲಿಯಾಳುಗಳ ಸಾಲಿನಲ್ಲಿಯೇ ಕೇಳಿಸುತ್ತದೆ. ಸದ್ಯಕ್ಕೆ ‘ಸಿಪಾಯಿಯಿಂದ ಹವಾಲ್ದಾರರವರೆಗಿನವರು’ ಎಂದು ಉದ್ದವಾಗಿಯೇ ಬರೆಯುತ್ತಿದ್ದೇನೆ.

‘ಅಧಿಕಾರಿ’ ಎಂಬ ಪದವೂ ಕಂಡಷ್ಟು ಸರಳವಲ್ಲ. ಹವಾಲ್ದಾರರಿಗೂ ಅಧಿಕಾರಿಗಳಿಗೂ ನಡುವೆ ನಿಲ್ಲುವ ನಾಯಬ್ ಸುಬೇದಾರ, ಸುಬೇದಾರ, ಸುಬೇದಾರ್ ಮೇಜರ್ ಈ ಮೂವರನ್ನು ‘ಕಿರಿಯ ನಿಯೋಜಿತ ಅಧಿಕಾರಿ’ ಎಂದು ಅನುವಾದಿಸುವ ರೂಢಿಯಿದೆ. ಆದರೆ 1950ರ ಸೇನಾ ಕಾಯಿದೆಯ 3ನೇ ಕಲಮಿನ ವ್ಯಾಖ್ಯೆಯ ಪ್ರಕಾರ ಇವರು ‘ಅಧಿಕಾರಿ’ಗಳಲ್ಲ. ದಿನದ ನಡವಳಿಕೆಯಲ್ಲಿ ಇಪ್ಪತ್ತೈದರ ಹರೆಯದ ಕ್ಯಾಪ್ಟನ್ ತನ್ನ ತಂದೆಯ ವಯಸ್ಸಿನ ಸುಬೇದಾರರನ್ನು ‘ಸಾಹೇಬ್’ ಎಂದೇ ಕರೆಯಬೇಕು, ಸುಬೇದಾರರು ಆ ಕ್ಯಾಪ್ಟನ್ನನಿಗೆ ಸೆಲ್ಯೂಟ್ ಹೊಡೆಯಬೇಕು. ಅದೇ ಕಾಯಿದೆಯಲ್ಲಿ ಅನ್ಯಾಯವಾದಾಗ ದೂರು ಕೊಡುವ ದಾರಿಯೂ ಎರಡು: 26ನೇ ಕಲಮು ಅಧಿಕಾರಿಗಳಲ್ಲದವರಿಗೆ, 27ನೆಯದು ಅಧಿಕಾರಿಗಳಿಗೆ. ‘ಸಮರಿ ಕೋರ್ಟ್ ಮಾರ್ಷಲ್’ ಎಂಬ ಸಂಕ್ಷಿಪ್ತ ಸೇನಾ ವಿಚಾರಣೆಯ ವ್ಯವಸ್ಥೆಯಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ಇಡೀ ನ್ಯಾಯಾಲಯ; ಜೊತೆಗೆ ಕೂರುವ ಇಬ್ಬರಿಗೆ ತೀರ್ಪಿನಲ್ಲಿ ಪಾತ್ರವಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕಿಂತ ಮೇಲಿನ ಶ್ರೇಣಿಯವರಾದರೆ ಆ ಕಮಾಂಡಿಂಗ್ ಆಫೀಸರ್ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಲ್ಲರು. ಆ ನ್ಯಾಯಾಲಯದ ಮುಂದೆ ಅಧಿಕಾರಿಯನ್ನಾಗಲಿ ಸುಬೇದಾರನನ್ನಾಗಲಿ ನಿಲ್ಲಿಸುವಂತಿಲ್ಲ, ಹವಾಲ್ದಾರನನ್ನು ನಿಲ್ಲಿಸಬಹುದು. ಹೀಗಿರುವಾಗ ಅಧಿಕಾರಿ, ಸುಬೇದಾರ, ಹವಾಲ್ದಾರ ಎಂಬ ಮೂರೂ ವರ್ಗಗಳ ಹೆಸರಿನಲ್ಲಿ ‘ಅಧಿಕಾರಿ’ಯನ್ನು ಸೇರಿಸುವ ಅನುವಾದ ಓದುಗನ ಕಣ್ಣು ಕಟ್ಟುತ್ತದೆ. ‘ಸುಬೇದಾರ ಶ್ರೇಣಿಯವರು’, ‘ಹವಾಲ್ದಾರ ಶ್ರೇಣಿಯವರು’ ಎಂದು ಬರೆಯುವುದೇ ಮೇಲೆಂದು ನನ್ನ ಮತ.

ಇನ್ನು ಮುಖ್ಯ ಪದಕ್ಕೆ ಬರುತ್ತೇನೆ. ಶ್ರೇಣಿಯೊಂದಿಗೆ ಬರುವ ಹೆಚ್ಚಿನ ಪಾಲಿಗೆ ‘ವಿಶೇಷಾಧಿಕಾರ’, ‘ಸವಲತ್ತು’, ‘ಸೌಲಭ್ಯ’, ‘ಅರ್ಹತೆ’ ಎಂಬ ನಾಲ್ಕೂ ಬಳಕೆಯಲ್ಲಿವೆ. ಇವನ್ನು ಒಂದೇ ಎಂಬಂತೆ ಬಳಸಿದರೆ ವಾದವೇ ಕುಸಿಯುತ್ತದೆ. ದಾಳಿಗೆ ಆಜ್ಞೆ ಕೊಡುವುದು ‘ಅಧಿಕಾರ’. ಅದನ್ನು ಯಾರೂ ಸವಲತ್ತು ಎನ್ನರು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ತಿಂಗಳಿಗೆ ಅಧಿಕಾರಿಗೆ 15,500 ರೂಪಾಯಿ ಸೇನಾ ಸೇವಾ ವೇತನ, ಸುಬೇದಾರ ಮೊದಲ್ಗೊಂಡು ಸಿಪಾಯಿಯವರೆಗೆ ಎಲ್ಲರಿಗೂ 5,200 ರೂಪಾಯಿ ಎಂದು ನಿಗದಿಯಾದದ್ದು ನಿಯಮ ಕೊಟ್ಟ ‘ಅರ್ಹತೆ’. ಸೇನಾ ಬದುಕಿನ ಕಷ್ಟಕ್ಕಾಗಿ ಕೊಡುವ ಹಣ ಇದಾದ್ದರಿಂದ, ಒಂದೇ ಹಿಮದಲ್ಲಿ ನಿಂತವರ ಕಷ್ಟಕ್ಕೆ ಎರಡು ಬೆಲೆ ಏಕೆ ಎಂಬ ಪ್ರಶ್ನೆ ಸುಬೇದಾರ ಶ್ರೇಣಿಯವರಿಂದಲೇ ಎದ್ದಿತು; ಅವರಿಗೆ ಹೆಚ್ಚಿನ ದರ ಕೊಡಬೇಕೆಂಬ ಬೇಡಿಕೆಯನ್ನು 2018ರಲ್ಲಿ ಸರ್ಕಾರ ತಳ್ಳಿಹಾಕಿತು. ಅಧಿಕಾರಿಯ ಮನೆಯ ನಾಯಿಯನ್ನು ಸೈನಿಕ ವಾಯುವಿಹಾರಕ್ಕೆ ಕರೆದೊಯ್ಯುವುದಾದರೆ ಅದು ಅಧಿಕಾರವೂ ಅಲ್ಲ, ಅರ್ಹತೆಯೂ ಅಲ್ಲ. ಯಾವ ನಿಯಮವೂ ಕೊಡದೆ ರೂಢಿಯಿಂದ ಕೈಸೇರಿದ ಇದಕ್ಕೆ ‘ದೊಡ್ಡಸ್ತಿಕೆ’ಗಿಂತ ಒಳ್ಳೆಯ ಮಾತು ನನಗೆ ಹೊಳೆಯುತ್ತಿಲ್ಲ. ಈ ಸಹಾಯಕ ಪದ್ಧತಿಯನ್ನು ನಿಲ್ಲಿಸಬೇಕೆಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ 2008ರಲ್ಲಿಯೇ ಹೇಳಿತ್ತು. 2017ರಲ್ಲಿ ಸೈನಿಕರೇ ಮೊಬೈಲಿನಲ್ಲಿ ಚಿತ್ರೀಕರಿಸಿದ ದೂರುಗಳು ಹರಿದಾಡಿದಾಗ ವಿಷಯ ಮತ್ತೆ ಬೀದಿಗೆ ಬಂತು. ನೌಕಾಪಡೆ, ವಾಯುಪಡೆಗಳಲ್ಲಿ ಈ ಪದ್ಧತಿಯಿಲ್ಲ ಎಂಬುದು ವಾದಕ್ಕೆ ಬಲ ಕೊಡುವ ಸಂಗತಿ. ಇದನ್ನು ‘ಬಿಟ್ಟಿ ಚಾಕರಿ’ ಎಂದು ಬರೆದವರಿದ್ದಾರೆ. ಸಂಬಳ ಸರ್ಕಾರದಿಂದ ಬರುವುದರಿಂದ ಆ ಮಾತು ಸಿಪಾಯಿಯ ಮಟ್ಟಿಗೆ ಪೂರ್ತಿ ಸರಿಯಲ್ಲ, ಬಿಟ್ಟಿಯಾಗಿ ಸಿಗುವುದು ಸಾಹೇಬರ ಮನೆಯವರಿಗೆ.

‘ತಾರತಮ್ಯ’ ನನ್ನನ್ನು ಹೆಚ್ಚು ಕಾಡಿದ ಪದ. ಸಂಸ್ಕೃತದ ತರ, ತಮ ಪ್ರತ್ಯಯಗಳಿಂದ ಬಂದ ಇದರ ಮೂಲ ಅರ್ಥ ಕೇವಲ ಹೆಚ್ಚು ಕಡಿಮೆಯ ಮೆಟ್ಟಿಲು; ಮಾಧ್ವ ಸಿದ್ಧಾಂತದಲ್ಲಿ ದೇವತೆಗಳಿಗೂ ಜೀವರಿಗೂ ಹೇಳುವ ತಾರತಮ್ಯದಲ್ಲಿ ಆಕ್ಷೇಪದ ಸುಳಿವಿಲ್ಲ. ಇಂದಿನ ಬಳಕೆಯಲ್ಲಿ ಅದು ಅನ್ಯಾಯವೆಂದೇ ಅರ್ಥ. ಹಳೆಯ ಅರ್ಥದಲ್ಲಿ ಸೇನೆ ನಿಂತಿರುವುದೇ ತಾರತಮ್ಯದ ಮೇಲೆ; ಹೊಸ ಅರ್ಥದಲ್ಲಿ ‘ಸೇನೆಯಲ್ಲಿ ತಾರತಮ್ಯ’ ಎಂದು ತಲೆಬರಹ ಕೊಟ್ಟರೆ ಶ್ರೇಣಿಯೇ ತಪ್ಪೆಂದು ನಾನು ವಾದಿಸುತ್ತಿರುವಂತೆ ಕಾಣುತ್ತದೆ. ಇದರ ಬದಲು ‘ಪಂಕ್ತಿಭೇದ’ವನ್ನು ಏಕೆ ಬಳಸಬಾರದು? ಆಫೀಸರ್ಸ್ ಮೆಸ್ಸಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಸಿಪಾಯಿಗಳ ‘ಲಂಗರ್’ ಎಂಬ ಸಾಮೂಹಿಕ ಅಡುಗೆಮನೆಯಲ್ಲಿ ಸಾಲಿನಲ್ಲಿ ನಿಂತು ಹಿಡಿಯುವ ತಟ್ಟೆ: ಇವು ಎರಡು ಬೇರೆ ಪಂಕ್ತಿಗಳು, ಸೇರುವಾಗಲೇ ಗೊತ್ತಿದ್ದವು. ಆದರೆ ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬನಿಗೆ ತುಪ್ಪ, ಇನ್ನೊಬ್ಬನಿಗೆ ಬರಿಯ ತಿಳಿ ಬಡಿಸುವುದು ಪಂಕ್ತಿಭೇದ. ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಅಧಿಕಾರಿಗೆ ಖಾಸಗಿ ಕೊಠಡಿ, ಸುಬೇದಾರರಿಗೆ ಅರೆಖಾಸಗಿ, ಹವಾಲ್ದಾರರವರೆಗಿನವರಿಗೆ ಸಾಮಾನ್ಯ ವಾರ್ಡು. ನಿವೃತ್ತರಾದ ಮೇಲೆ ಒಂದೇ ಕಾಯಿಲೆಯಿಂದ ಒಂದೇ ಆಸ್ಪತ್ರೆಗೆ ಬಂದ ಮೂವರು ಒಂದೇ ಪಂಕ್ತಿಯವರೇ, ಬೇರೆಯವರೇ ಎಂಬಲ್ಲಿಯೇ ಜಗಳವಿದೆ. ಒಂದೇ ಪಂಕ್ತಿಯೆಂದು ನಾನು ತಿಳಿಯುತ್ತೇನೆ.

ಸೆರೆಯಲ್ಲಿಯೂ ಈ ಭೇದ ಬಿಡದು. 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಯಾದ ಅಧಿಕಾರಿಯನ್ನು ದುಡಿಯುವಂತೆ ಬಲವಂತ ಮಾಡುವಂತಿಲ್ಲ, ಸಿಪಾಯಿಯಿಂದ ದುಡಿಸಿಕೊಳ್ಳಬಹುದು. ಸೆರೆಹಿಡಿದ ದೇಶ ಕೊಡಬೇಕಾದ ತಿಂಗಳ ಸಂಬಳದ ಮುಂಗಡ ಸಿಪಾಯಿಗೆ 8 ಸ್ವಿಸ್ ಫ್ರಾಂಕ್, ಜನರಲ್‌ಗೆ 75. 1965ರಲ್ಲಿ ಪಾಕಿಸ್ತಾನದ ಸೆರೆಯಲ್ಲಿದ್ದ ತಮ್ಮ ಮಗನನ್ನು ಬಿಟ್ಟುಕೊಡುವ ಅಲ್ಲಿನ ಅಧ್ಯಕ್ಷ ಅಯೂಬ್ ಖಾನರ ಸೂಚನೆಯನ್ನು ಕೊಡಗಿನ ಕಾರ್ಯಪ್ಪನವರು ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೆಂದು ಹೇಳಿ ನಿರಾಕರಿಸಿದ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಅವರು ಬೇಡವೆಂದದ್ದು ತಾರತಮ್ಯವನ್ನಲ್ಲ, ಪಂಕ್ತಿಭೇದವನ್ನು ಎಂದು ಬರೆದರೆ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ.

ಕೊನೆಯದಾಗಿ ವ್ಯಾಕರಣದ ಒಂದು ಸಂಗತಿ. ‘ಮೇಜರ್ ಆಜ್ಞೆ ಮಾಡಿದರು, ಸಿಪಾಯಿ ನಿರಾಕರಿಸಿದ’ ಎಂದು ಬರೆಯುವಾಗ ನಮ್ಮ ಕೈ ತಡೆಯುವುದೇ ಇಲ್ಲ. ಅದೇ ಸಿಪಾಯಿ ಹುತಾತ್ಮನಾದರೆ ಮರುದಿನದ ಪತ್ರಿಕೆಯಲ್ಲಿ ಬಹುವಚನ ಸಿಗುತ್ತದೆ. ಕೈಕೆಳಗಿನವನನ್ನು ಹೊಡೆದ ಅಥವಾ ಪೀಡಿಸಿದ ಮೇಲಿನವನಿಗೆ ಏಳು ವರ್ಷದವರೆಗೆ ಸೆರೆವಾಸ ಎಂದು ಸೇನಾ ಕಾಯಿದೆಯ 47ನೇ ಕಲಮು ಹೇಳುತ್ತದೆ. ಅಂಥ ಪ್ರಕರಣದ ವರದಿಯಲ್ಲಿ ಹೊಡೆದವರು ‘ಅವರು’, ಹೊಡೆತ ತಿಂದವನು ‘ಅವನು’ ಆಗಿಬಿಟ್ಟರೆ ನ್ಯಾಯದ ಮಾತು ವಾಕ್ಯದೊಳಗೇ ಸೋತಂತೆ. ನಮ್ಮ ಕಾಯಿದೆಗಳ ಕನ್ನಡದಲ್ಲಿ ‘ಯಾವನೇ ವ್ಯಕ್ತಿಯು’ ಎಂಬ ಏಕವಚನ ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಒಂದೇ; ಆದರೆ ಲೇಖನದಲ್ಲಿ ಅದು ಒರಟಾಗುತ್ತದೆ. ಇಬ್ಬರಿಗೂ ಬಹುವಚನ ಕೊಡಲು ನಿರ್ಧರಿಸಿದ್ದೇನೆ, ‘ಸಿಪಾಯಿಯವರು’ ಎಂಬ ರೂಪ ಮಾತ್ರ ನಾಲಗೆಗೆ ಹೊಂದುತ್ತಿಲ್ಲ.

ನನ್ನ ವಿನಂತಿಗಳು ಇಷ್ಟು. ‘ಸಿಪಾಯಿ’ಗೆ ಸಹಜವಾಗಿ ಹೊಂದುವ ಗೌರವ ರೂಪವನ್ನು ಯಾರಾದರೂ ಬರಹದಲ್ಲಿ ಕಂಡಿದ್ದರೆ ತಿಳಿಸಿ. ‘ಪಂಕ್ತಿಭೇದ’ಕ್ಕೆ ಜಾತಿಯ ಊಟದ ಸಾಲಿನ ನೆನಪು ಗಟ್ಟಿಯಾಗಿ ಅಂಟಿರುವುದರಿಂದ ಸೇನೆಯ ಸಂದರ್ಭದಲ್ಲಿ ಅದು ಅಡ್ಡಿಯಾದೀತೇ ಎಂಬ ಬಗ್ಗೆಯೂ ಅಭಿಪ್ರಾಯ ಬೇಕು. ಕೊಡಗು, ಬೆಳಗಾವಿ, ವಿಜಯಪುರ ಕಡೆಯ ಸೈನಿಕರ ಮನೆಗಳಲ್ಲಿ ಸಾಹೇಬರ ಮನೆಗೆಲಸದ ಪಾಳಿಗೆ ಏನೆನ್ನುತ್ತಾರೆಂದು ಬಲ್ಲವರು ಆ ಮಾತನ್ನು, ಸಾಧ್ಯವಾದರೆ ಅದು ಬಂದ ವಾಕ್ಯದ ಸಮೇತ, ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ.